ಗೈಡ್ ನಿವೃತ್ತರಾದ ಮೇಲೆ

ನನ್ನ ಗೈಡ್ ನಿವೃತ್ತರಾದಾಗ ನನ್ನ ಸಂಶೋಧನೆ ಅರ್ಧ ದಾರಿಯಲ್ಲಿತ್ತು. ಮೈಸೂರಿನ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತಲೇ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ.ಗೆ ಸೇರಿದ್ದೆ. ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಸಿಪ್ಪೆ ಸುಟ್ಟು ಉಳಿದ ಬೂದಿಯನ್ನು ಸಿಮೆಂಟಿಗೆ ಬೆರೆಸಿದರೆ, ಆ ಕಾಂಕ್ರೀಟು ನಾಲೆಯ ನೀರಿನಲ್ಲಿ ಎಷ್ಟು ಕಾಲ ಬಾಳುತ್ತದೆ ಎಂದು ನೋಡುವುದು ನನ್ನ ವಿಷಯ. ನಮ್ಮ ಮನೆ ನರಸೀಪುರದಲ್ಲಿ. ಬೆಳಗ್ಗೆ ಬಸ್ಸು, ಪಾಠ, ಸಂಜೆ ಲ್ಯಾಬು, ಮತ್ತೆ ಬಸ್ಸು. ತಲೆಯಲ್ಲಿ ಸಿಮೆಂಟಿನ ಧೂಳು ಇದ್ದ ಹಾಗೇ ಮಗಳಿಗೆ ಅನ್ನ ಕಲೆಸಿಕೊಟ್ಟಿದ್ದೇನೆ.

ನಿವೃತ್ತರಾದವರು ಗೈಡ್ ಆಗಿ ಮುಂದುವರಿಯುವ ಹಾಗಿಲ್ಲ ಎಂದು ನನಗೆ ಬೇರೆಯವರನ್ನು ಕೊಟ್ಟರು. ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಅವರ ಕೆಲಸವೆಲ್ಲ ಕಂಪ್ಯೂಟರಿನಲ್ಲಿ. ಮೊದಲ ದಿನವೇ ಹೇಳಿದರು:

"ಮೇಡಂ, ಈ ಬೂದಿ ವಿಷಯ ತುಂಬಾ ಜನ ಮಾಡಿಬಿಟ್ಟಿದ್ದಾರೆ. ಬದಲಾಯಿಸಿಕೊಳ್ಳಿ, ಬೇಗ ಮುಗಿಯುತ್ತೆ."

"ತೊಟ್ಟಿಯಲ್ಲಿ ನೆನೆಯೋಕೆ ಹಾಕಿರೋ ಕಾಂಕ್ರೀಟ್ ಕ್ಯೂಬುಗಳನ್ನ ಏನು ಮಾಡಲಿ ಸರ್?"

"ಯೋಚನೆ ಮಾಡಿ" ಎಂದು ಅವರು ಕಂಪ್ಯೂಟರಿನ ಕಡೆ ತಿರುಗಿದರು.

ಆ ಶನಿವಾರ ನಂಜನಗೂಡಿಗೆ, ಹಳೆಯ ಗೈಡ್ ಮನೆಗೆ ಹೋದೆ. ನಿವೃತ್ತಿಯಾದ ಸ್ವಲ್ಪ ದಿನಕ್ಕೇ ಅವರಿಗೆ ಲಕ್ವ ಹೊಡೆದಿತ್ತು. ಬಲಗೈ ಏಳುತ್ತಿರಲಿಲ್ಲ, ಮಾತು ತೊದಲುತ್ತಿತ್ತು. ಕಷ್ಟ ಹೇಳಿಕೊಳ್ಳಲು ಹೋದವಳು, ಹೊಸ ಗೈಡ್ ಹೇಳಿದ್ದನ್ನಷ್ಟೇ ತಿಳಿಸಿದೆ. ಅವರು ಕೇಳಿದರು, "ವಿಷಯ... ಬಿಡ್ತೀರಾ?"

"ಮನಸ್ಸಿಲ್ಲ ಸರ್."

"ಹಾಗಾದ್ರೆ ಶನಿವಾರ ಬನ್ನಿ."

ಅಲ್ಲಿಂದ ಮುಂದೆ ಶನಿವಾರಗಳೆಲ್ಲ ಅವರ ಮನೆಯಲ್ಲೇ. ನಾನು ಬರೆದದ್ದನ್ನು ಗಟ್ಟಿಯಾಗಿ ಓದುತ್ತಿದ್ದೆ. ಅವರು ಕಣ್ಣು ಮುಚ್ಚಿ ಕೇಳುತ್ತ, ತಪ್ಪು ಕಂಡಲ್ಲಿ ಎಡಗೈ ಎತ್ತುತ್ತಿದ್ದರು. ಮಾತು ನನಗೆ ತಿಳಿಯದಿದ್ದರೆ ಅವರ ಹೆಂಡತಿ ಅಡುಗೆಮನೆಯಿಂದ ಬಂದು ಬಿಡಿಸಿ ಹೇಳುತ್ತಿದ್ದರು. ಒಮ್ಮೆ ಒಂದು ಅಧ್ಯಾಯದ ನಡುವೆ ಕೈ ಎತ್ತಿದರು.

"ಇದು ನೀವು ನೋಡಿದ್ದಾ, ಅಂದ್ಕೊಂಡಿದ್ದಾ?"

"ಅಂದ್ಕೊಂಡಿದ್ದು ಸರ್."

"ತೆಗೀರಿ."

ಅಧ್ಯಾಯ ಪೂರ್ತಿ ಅದರ ಮೇಲೇ ನಿಂತಿತ್ತು. ಆ ದಿನ ವಾಪಸು ಬರುವಾಗ ಬಸ್ಸಿನಲ್ಲಿ ಅಳುವಷ್ಟು ತ್ರಾಣವೂ ಇರಲಿಲ್ಲ. ಮತ್ತೆ ಬೂದಿ ಜರಡಿ ಹಿಡಿದೆ, ಮತ್ತೆ ಕ್ಯೂಬು ಎರೆದೆ. ನಮ್ಮವ್ವ ಮಾತ್ರ ನೋಡಿ ನೋಡಿ ಸಾಕಾಗಿ, "ಇದೆಂತಾ ಓದವ್ವ, ಮಗಳು ಐಸ್ಕೂಲಿಗೆ ಬಂದ್ಲು, ನಿಂದಿನ್ನೂ ಮುಗೀನಿಲ್ವಲ್ಲ" ಅಂದಿತು.

ಕೊನೆಗೆ ಪ್ರಬಂಧ ಹಿಡಿದುಕೊಂಡು ಹೊಸ ಗೈಡ್ ಮುಂದೆ ನಿಂತೆ. ಅವರು ವಾರವಿಡೀ ಓದಿ ನನ್ನನ್ನು ಕರೆಸಿದರು. ವಿಷಯ ಬದಲಾಯಿಸಲಿಲ್ಲ ಎಂದು ಬೈಯುತ್ತಾರೆ ಅಂದುಕೊಂಡಿದ್ದೆ. "ಇದರಲ್ಲಿ ನಂದೇನೂ ಇಲ್ಲ ಮೇಡಂ. ಆದ್ರೂ ಸಹಿ ಹಾಕ್ಬೇಕು" ಎಂದು ಸಣ್ಣಗೆ ನಕ್ಕರು. ಮೌಖಿಕ ಪರೀಕ್ಷೆಯ ದಿನ, ಯಾರೂ ಕೇಳದಿದ್ದರೂ, ತಾವೇ ಕಾರು ತೆಗೆದುಕೊಂಡು ನಂಜನಗೂಡಿಗೆ ಹೋಗಿ ಹಳೆಯ ಗೈಡನ್ನು ಕರೆತಂದು ಮುಂದಿನ ಸಾಲಿನಲ್ಲಿ ಕೂರಿಸಿದರು. ನಾನು ಹೇಳಬೇಕಾದ್ದೆಲ್ಲ ಹೇಳಿದೆ, ಪರೀಕ್ಷಕರು ಕೇಳಿದ್ದಕ್ಕೆ ಉತ್ತರ ಕೊಟ್ಟೆ. ನಡುವೆ ಒಮ್ಮೆ ತಿರುಗಿ ನೋಡಿದರೆ ಹಳೆಯ ಗೈಡ್ ಕತ್ತು ವಾಲಿಸಿ ನಿದ್ದೆ ಹೋಗಿದ್ದರು. ಹೊಸಬರು ಅವರ ತಲೆ ಜಾರದ ಹಾಗೆ ತಮ್ಮ ಭುಜ ಕೊಟ್ಟು ಕೂತಿದ್ದರು.

ಪದವಿ ಬಂತು. ವಿಶ್ವವಿದ್ಯಾಲಯದ ಕೆಲಸಕ್ಕೆ ಕಾದೆ, ಕರೆಯಲಿಲ್ಲ. ಈಗ ಅದಕ್ಕೆ ಬೇಕಾದ ವಯಸ್ಸೂ ದಾಟಿದೆ. ಅದೇ ಕಾಲೇಜು, ಅದೇ ಲ್ಯಾಬು. ಕೋಣೆಯ ಬಾಗಿಲ ಮೇಲೆ ನನ್ನ ಹೆಸರಿನ ಮುಂದೆ ಡಾ. ಎಂದು ಸೇರಿಸಿದ್ದಾರೆ. ನಂಜನಗೂಡಿಗೆ ಹೋಗಿ ಓದಿ ಕೇಳಿಸಬೇಕಾದ್ದು ಈಗ ಏನೂ ಇಲ್ಲ. ಶನಿವಾರ ಮಧ್ಯಾಹ್ನ ಊಟ ಮಾಡಿ ಮಲಗಿಬಿಡುತ್ತೇನೆ. ಯಾರೂ ಎಬ್ಬಿಸುವುದಿಲ್ಲ.