ಸ್ಕ್ರೂ ಮೇಲಿನ ವಿಭೂತಿ

ಕಳೆದ ವಾರ ಲ್ಯಾಬಿನ ಹಳೆಯ ಬೀರು ತೆರೆದಾಗ ಮಸೂರದ ಡಬ್ಬಿಯಿಂದ ವಿಭೂತಿಯ ವಾಸನೆ ಬಂತು. ಅರ್ಧ ಸವೆದ ಗಟ್ಟಿಯೊಂದು ಹಳೆಯ ಬನಿಯನ್ ಬಟ್ಟೆಯಲ್ಲಿ ಸುತ್ತಿಟ್ಟ ಹಾಗೇ ಇತ್ತು. ನಮ್ಮ ಹಳೆಯ ಅಟೆಂಡರರದು. ನಿಂತಲ್ಲೇ ನನ್ನ ಮುಖ ಬಿಸಿಯಾಯಿತು.

ಅವರು ಕಂಪ್ಲಿಯಿಂದ ಮೊದಲ ಬಸ್ಸಿಗೆ ಹೊಸಪೇಟೆಯ ನಮ್ಮ ಕಾಲೇಜಿಗೆ ಬರುತ್ತಿದ್ದರು. ಓದಿದ್ದು ಏಳನೇ ಕ್ಲಾಸು. ನಾನೋ ಚಿನ್ನದ ಪದಕದ ಹೊಸ ಲೆಕ್ಚರರ್, ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಆದರೆ ಲೇಸರ್ ಬೆಳಕು ಹಿಗ್ಗದೆ ಕುಗ್ಗದೆ ಸಮಾಂತರವಾಗಿ ಹೋಗುವಂತೆ ಮಸೂರ ಕೂರಿಸುವುದು ಅವರಿಗೆ ಮಾತ್ರ ಬರುತ್ತಿತ್ತು. ಬೆಳಕಿನ ದಾರಿಗೆ ದಪ್ಪ ಗಾಜೊಂದನ್ನು ಓರೆಯಾಗಿ ಹಿಡಿಯುತ್ತಿದ್ದರು. ಗಾಜಿನ ಎರಡೂ ಮೈಯಿಂದ ಮರಳಿದ ಬೆಳಕು ಒಂದರ ಮೇಲೊಂದು ಬಿದ್ದು ಬಿಳಿ ರಟ್ಟಿನ ಮೇಲೆ ಪಟ್ಟಿಪಟ್ಟಿಯಾಗಿ ಕಾಣುತ್ತಿತ್ತು. ರಟ್ಟಿನ ಪೆನ್ಸಿಲ್ ಗೆರೆಗೆ ಆ ಪಟ್ಟಿಗಳು ಸರಿಸಮ ನಿಲ್ಲುವ ತನಕ ಸ್ಕ್ರೂವನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ತಿರುಗಿಸುವುದು... ಆಮೇಲೆ ಸ್ಕ್ರೂಗೂ ಚೌಕಟ್ಟಿಗೂ ಸೇರಿಸಿ ಒಂದು ವಿಭೂತಿ ಗೆರೆ.

"ಇನ್ನ ಯಾರೂ ಮುಟ್ಟಬ್ಯಾಡ್ರಿ ಮೇಡಂ. ಮುಟ್ಟಿದ್ರ ಗೆರಿ ಹೇಳತೈತಿ."

ಪ್ರಾಕ್ಟಿಕಲ್ ಪರೀಕ್ಷೆಯ ಬೆಳಗ್ಗೆ ನಾನು ಮುಟ್ಟಿದೆ. ಬೆಳಕಿನ ಬೊಟ್ಟನ್ನು ಹತ್ತಿರ ಒಮ್ಮೆ, ದೂರದ ಗೋಡೆಯ ಮೇಲೆ ಒಮ್ಮೆ ಸ್ಕೇಲಿನಿಂದ ಅಳೆದು, ದೂರದ್ದು ಚೂರು ದೊಡ್ಡದಿದೆಯೆಂದು ಸ್ಕ್ರೂ ತಿರುಗಿಸಿಬಿಟ್ಟೆ. ಅವರ ಕಣ್ಣಿಗಿಂತ ನನ್ನ ಸ್ಕೇಲು ಹೆಚ್ಚು ಎನ್ನುವ ಕೊಬ್ಬು! ಹೊರಗಿನಿಂದ ಬಂದ ಪರೀಕ್ಷಕರು ಗಾಜು ಹಿಡಿದರೆ ಪಟ್ಟಿಗಳೆಲ್ಲ ವಾಲಿಕೊಂಡಿದ್ದವು. ಪ್ರಿನ್ಸಿಪಾಲರು ಪಕ್ಕದಲ್ಲೇ ಇದ್ದರು.

"ಯಾರ್ರೀ ಇದನ್ನ ಸೆಟ್ ಮಾಡಿದ್ದು?" ಎಂದರು ಪರೀಕ್ಷಕರು.

"ಅಟೆಂಡರ್ ಸರ್," ಎಂದೆ. ಎಷ್ಟು ಸಲೀಸಾಗಿ ಬಂತು ಬಾಯಿಂದ...

ಬಾಗಿಲ ಬಳಿ ನಿಂತಿದ್ದ ಅಟೆಂಡರ್ ಬಂದು ಬಗ್ಗಿ ನೋಡಿದರು. ವಿಭೂತಿ ಗೆರೆ ನಡುವೆ ಕಡಿದು ಸರಿದಿತ್ತು. ಒಮ್ಮೆ ನನ್ನ ಕಡೆ ನೋಡಿ, ಹೆಬ್ಬೆರಳಿನಿಂದ ಆ ಗೆರೆಯನ್ನೇ ಒರೆಸಿಬಿಟ್ಟರು.

"ನಂದಾ ತಪ್ಪಾತ್ರಿ ಸಾಹೇಬ್ರ. ವಯಸ್ಸಾತು, ಕಣ್ಣು ಮಂದ ಆಗ್ಯಾವು."

ಮರುದಿನದಿಂದ ಅವರಿಗೆ ಗೇಟಿನ ಡ್ಯೂಟಿ. ನಿವೃತ್ತಿಯವರೆಗೂ ಮತ್ತೆ ಲ್ಯಾಬಿಗೆ ಕಾಲಿಡಲಿಲ್ಲ. ದಿನಾ ಬೆಳಗ್ಗೆ ಗೇಟು ತೆಗೆಯುತ್ತ, "ನಮಸ್ಕಾರ್ರಿ ಮೇಡಂ, ಚಾ ಆತೇನ್ರಿ?" ಎನ್ನುತ್ತಿದ್ದರು. ಇವತ್ತು ಹೇಳಿಬಿಡಬೇಕು ಎಂದುಕೊಂಡೇ ಬರುತ್ತಿದ್ದವಳು "ಆತ್ರಿ" ಎಂದಷ್ಟೇ ಅಂದು ಒಳಗೆ ನಡೆಯುತ್ತಿದ್ದೆ. ಥೂ, ಎಂಥ ಹೇಡಿ ನಾನು! ಅವರು ತೀರಿಕೊಂಡದ್ದು ನನಗೆ ಗೊತ್ತಾಗಿದ್ದೇ ಎಷ್ಟೋ ದಿನಗಳ ಮೇಲೆ.

ಮೊನ್ನೆ ಕ್ಲಾಸು ಮುಗಿದ ಮೇಲೆ ಅದೇ ಗಾಜು ಹಿಡಿದು ಮಸೂರ ಕೂರಿಸಿದೆ. ಒಂದು ತಾಸು ಹಿಡಿಯಿತು. ಪಟ್ಟಿಗಳು ಪೆನ್ಸಿಲ್ ಗೆರೆಗೆ ಸರಿಯಾಗಿ ನಿಂತವು. ಸ್ಕ್ರೂ ಮೇಲೆ ಎಳೆಯಲೆಂದು ವಿಭೂತಿ ಗಟ್ಟಿ ತೆಗೆದುಕೊಂಡೆ... ಕೈ ಬರಲಿಲ್ಲ. ಬಟ್ಟೆಯಲ್ಲಿ ಸುತ್ತಿ, ಅವರು ಇಟ್ಟಿದ್ದ ಜಾಗದಲ್ಲೇ ಇಟ್ಟು ಬೀರು ಮುಚ್ಚಿದೆ.