ವೀರ್ಯ ಪರೀಕ್ಷೆಯ ಲ್ಯಾಬಣ್ಣ

ವೀರ್ಯ ಪರೀಕ್ಷೆಗೆ ಬರುವ ಗಂಡಸರು ನಾಚಿಕೊಂಡು ಡಬ್ಬಿಯನ್ನು ಅಂಗಿಯೊಳಗೆ ಬಚ್ಚಿಟ್ಟು ತರುತ್ತಾರೆ. "ಬೆಚ್ಚಗೆ ತಂದ್ರಲ್ಲ, ಅದೇ ಸರಿ! ನಾಚ್ಕೋಬೇಕಾದೋನು ನಾನು, ಇದನ್ನೇ ನೋಡ್ತಾ ತಲೆ ಬೋಳಾಯ್ತು," ಎಂದು ಲ್ಯಾಬಣ್ಣ ತನ್ನ ಬೋಳು ತಲೆ ಸವರಿಕೊಳ್ಳುತ್ತಾನೆ. ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟನೆಂದರೆ, ಸೋಮಾರಿಯಂತೆ ತೆವಳುವ ವೀರ್ಯಾಣುವನ್ನೂ "ಬಾರೋ ರಾಜ, ಇನ್ನೊಂಚೂರು" ಎಂದು ಹುರಿದುಂಬಿಸುತ್ತಾನೆ. ಒಂದೂ ಇಲ್ಲವೆಂದು ತಿಳಿದು ಯಾರಾದರೂ ಕುಸಿದು ಕೂತರೆ, ತಾನೂ ಪಕ್ಕದಲ್ಲಿ ಕೂರುತ್ತಾನೆ. "ನಂದೂ ಸೊನ್ನೆನೇ ಕಣ್ರೀ. ಗಾಜು ಒರೆಸಿ ಒರೆಸಿ ನೋಡ್ದೆ, ಒಬ್ಬ ಪುಣ್ಯಾತ್ಮನೂ ಸಿಗ್ಲಿಲ್ಲ. ನಾನು ಬದುಕಿಲ್ವಾ? ಏಳಿ, ಡಾಕ್ಟ್ರನ್ನ ಕೇಳೋಣ." ಅತ್ತವನೂ ನಕ್ಕುಬಿಡುತ್ತಾನೆ. ಮಧ್ಯಾಹ್ನ ಬುತ್ತಿ ತರುವ ಕಾಲೇಜು ಹುಡುಗಿಯದು ಥೇಟ್ ಲ್ಯಾಬಣ್ಣನದೇ ಮೂಗು. ಒಳಗೆ ಯಾರೂ ಇಲ್ಲದಿದ್ದರೆ "ಅಪ್ಪಾ" ಎನ್ನುತ್ತಾಳೆ, ಯಾರಾದರೂ ಕೂತಿದ್ದರೆ, ಬಾಗಿಲಲ್ಲೇ ನಿಂತು, "ಅಂಕಲ್, ಊಟ ತಂದಿದೀನಿ."