ಹಾಲ್‌ಗೆ ಬೇರೆಯೇ ಲೈನು

ವಿನೋಬನಗರದ ನಮ್ಮ ಮನೆಗೆ ಹೊಸದಾಗಿ ವೈರಿಂಗ್ ಮಾಡಿಸುವಾಗ ನನಗೂ ಅಪ್ಪನಿಗೂ ಜಗಳವೇ ಆಯಿತು. ಒಂದೇ ವೈರು ಮನೆಯ ಎಲ್ಲ ಪ್ಲಗ್ ಪಾಯಿಂಟುಗಳನ್ನು ಸುತ್ತಿ ಮತ್ತೆ ಮೇನ್ ಬೋರ್ಡಿಗೇ ಬಂದು ಸೇರುವ ರಿಂಗ್ ಪದ್ಧತಿಯನ್ನು ನಾನು ಮೊಬೈಲಿನಲ್ಲಿ ನೋಡಿ ಮೆಚ್ಚಿಕೊಂಡಿದ್ದೆ. ಭದ್ರಾವತಿಯ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದ ಅಪ್ಪ ಒಪ್ಪಲೇ ಇಲ್ಲ.

"ಆ ಸುತ್ತಿ ಬಳಸೋ ವ್ಯವಹಾರ ಬೇಡ ಮಾರಾಯ್ತಿ. ಒಂದೊಂದು ರೂಮಿಗೆ ಒಂದೊಂದು ಲೈನು, ಬೋರ್ಡಲ್ಲಿ ಒಂದೊಂದು ಸ್ವಿಚ್ಚು. ಎಲ್ಲಿ ಬೇಕೋ ಅಲ್ಲಿ ಮಾತ್ರ ಆಫ್ ಮಾಡ್ಬೋದು, ಮಿಕ್ಕ ಮನೆ ನಡೀತಿರುತ್ತೆ" ಎಂದು ಪಟ್ಟು ಹಿಡಿದ. ವೈರಿಂಗ್‌ನವನೂ ಅವನ ಕಡೆಗೇ ವಾಲಿದ. ನಾನು ಎರಡು ದಿನ ಮುಖ ಊದಿಸಿಕೊಂಡು ಓಡಾಡಿದೆ.

ಆ ಅನುಕೂಲವನ್ನು ಪೂರ್ತಿ ಬಳಸಿಕೊಂಡವಳು ಅಮ್ಮ. ಕ್ರಿಕೆಟ್ ನೋಡುತ್ತ ಕೂತ ಅಪ್ಪನನ್ನು ಊಟಕ್ಕೆ ಕರೆದು ಕರೆದು ಮೊದಲೆಲ್ಲ ಅವಳ ಗಂಟಲು ಒಣಗುತ್ತಿತ್ತು. ಈಗ ಕೂಗುವುದೇ ಇಲ್ಲ. ಬೋರ್ಡಿನ ಹತ್ತಿರ ಹೋಗಿ ಹಾಲ್‌ನ ಸ್ವಿಚ್ಚನ್ನಷ್ಟೇ ಕೆಳಗಿಳಿಸುತ್ತಾಳೆ. ಟೀವಿ ಆರುತ್ತದೆ, ಅಡುಗೆಮನೆಯಲ್ಲಿ ಮಿಕ್ಸಿ ತಿರುಗುತ್ತಲೇ ಇರುತ್ತದೆ.

"ಏನೇ ಇದು?" ಎಂದು ಅಪ್ಪ ರೇಗಿದರೆ, "ನೀವೇ ಹೇಳಿ ಹಾಕ್ಸಿದ್ದಲ್ವಾ?" ಎನ್ನುತ್ತಾಳೆ. ಅಪ್ಪ ಗೊಣಗುತ್ತ ಏಳುತ್ತಾನೆ.

ಹೋದ ತಿಂಗಳು ಅಮ್ಮ ತನ್ನ ತಂಗಿಯ ಮನೆಗೆಂದು ಭದ್ರಾವತಿಗೆ ಹೋಗಿದ್ದಳು. ಮಧ್ಯಾಹ್ನ ತಟ್ಟೆ ಹಾಕಿ, ಅಪ್ಪನನ್ನು ಕರೆಯಲು ಹಾಲ್‌ಗೆ ಬಂದೆ. ಮ್ಯಾಚು ಜೋರಾಗಿತ್ತು. ನಾನು ಬಾಯಿ ತೆರೆಯುವ ಮೊದಲೇ ಅವನು ಎದ್ದ. ರಿಮೋಟು ಪಕ್ಕದಲ್ಲೇ ಇತ್ತು. ಅದನ್ನು ಮುಟ್ಟದೆ ಬೋರ್ಡಿನವರೆಗೂ ನಡೆದು, ಹಾಲ್‌ನ ಸ್ವಿಚ್ಚನ್ನು ಇಳಿಸಿ, ಗೊಣಗುತ್ತ ಊಟಕ್ಕೆ ಬಂದು ಕೂತ.